ತಳಿ ಇಳಿಜಾರಿನ ಬಸ್ಸು

ಮುನಿರತ್ನಮ್ಮ ಹೊಸೂರಿನ ನಮ್ಮ ಮನೆಗೆ ಬಂದಾಗ ಅವಳ ಗಂಡ, ಡ್ರೈವರ್ ಅಂಜನಪ್ಪ ಸತ್ತು ತಿಂಗಳಾಗಿತ್ತು. ತಳಿಯಿಂದ ಕೆಲಮಂಗಲಕ್ಕೆ ಇಳಿಯುವಾಗ ಅವನ ಬಸ್ಸು ಹಳ್ಳಕ್ಕೆ ಉರುಳಿ, ಅವನ ಜೊತೆ ಗುಮ್ಮಳಾಪುರದ ಇಬ್ಬರು ತೀರಿಕೊಂಡಿದ್ದರು. ಗೇರು ನ್ಯೂಟ್ರಲ್‌ನಲ್ಲಿರುವುದು ಕಂಡುಬಂದಿತ್ತು. ಪೆಟ್ರೋಲಿಗೆ ರೇಷನ್ ಇದ್ದ ಕಾಲ. ಉಳಿಸುವ ಆಸೆಗೆ ಅವನೇ ಗೇರು ತೆಗೆದನೆಂದು ವಿಚಾರಣೆ ಮುಗಿದಿತ್ತು. ಅಂದಿನಿಂದ ಗುಮ್ಮಳಾಪುರದಲ್ಲಿ ಅವಳ ಹೊಸ್ತಿಲನ್ನು ಯಾರೂ ತುಳಿದಿರಲಿಲ್ಲ.

ಅವಳು ಅಳಲಿಲ್ಲ. ಯಾರದೋ ಮನೆಯ ಸುದ್ದಿಯಂತೆ ಹೇಳಿದಳು. "ನಮ್ ಯಜಮಾನ್ರು ಇಳಿಜಾರ್ನಾಗೆ ಗೇರು ತೆಗೆಯೋರಲ್ಲ ಸ್ವಾಮಿ. ತೆಗೆಯೋರ್ನ ಕಂಡ್ರೆ ಬೈಯ್ಯೋರು."

ಜ್ವರದಿಂದ ವಾರಗಟ್ಟಲೆ ಮಲಗಿದ್ದವನು ಬಸ್ಸು ಉರುಳಿದ ದಿನವೇ ಕೆಲಸಕ್ಕೆ ಮರಳಿದ್ದನಂತೆ.

ಅವಳು ಹುಡುಕಿ ಬಂದಿದ್ದ ನನ್ನ ಗೆಳೆಯ, ಪತ್ತೇದಾರ ಮುತ್ತರಾಯಪ್ಪನವರು ಪೊಲೀಸ್ ಸೇರುವ ಮೊದಲು ಮೋಟಾರು ರಿಪೇರಿ ಕಲಿತವರು. ಮರುದಿನ ನಾವು ಕೆಲಮಂಗಲದ ಷೆಡ್ಡಿಗೆ ಹೋದೆವು. ಬಸ್ಸಿನ ಮಾಲೀಕ ದೊಡ್ಡವೆಂಕಟಪ್ಪ ಬೇಸರದಿಂದಲೇ ಆ ಬಸ್ಸು ತೋರಿಸಿದ. ಗೇರಿನ ಹಲ್ಲು ಸವೆದಿರಬೇಕೆಂದು ಮೆಕ್ಯಾನಿಕ್ ಚಿನ್ನಸ್ವಾಮಿ ಅಂದ. ಅಂಜನಪ್ಪನ ಜ್ವರದ ದಿನಗಳಲ್ಲಿ ಬಸ್ಸು ಓಡಿಸಿದ್ದ ವೆಂಕಟರಾಮಪ್ಪ, ತನ್ನ ಕೈಯಲ್ಲಿ ಒಂದು ದಿನವೂ ಗೇರು ಜಾರಿಲ್ಲವೆಂದ. ಅವನು ನಮಸ್ಕಾರ ಮಾಡಿದಾಗ ಎಡಗೈ ತಡವಾಗಿ ಮೇಲೆದ್ದಿತು.

ಮುತ್ತರಾಯಪ್ಪನವರು ಗೇರ್‌ಬಾಕ್ಸ್ ಬಿಚ್ಚಿದರು. ಬಹಳ ಹೊತ್ತು ನೋಡಿ, ಆಮೇಲೆ ಡ್ರೈವರ್ ಸೀಟಿನ ಮುಂದಿನ ಹಲಗೆಯನ್ನೂ ಗೇರು ಕಡ್ಡಿಯನ್ನೂ ಬೆರಳಿನಿಂದ ಸವರಿದರು. ನಂತರ ಮುನಿರತ್ನಮ್ಮನನ್ನು ಕರೆಸಿ ಎಲ್ಲರನ್ನೂ ಕೂರಿಸಿದರು.

"ಗೇರು ತಾನಾಗಿ ಜಾರೋಕೆ ಕಾರಣ ಕೆಲವೇ," ಎಂದರು. "ಬಾಕ್ಸು ಸಡಿಲ ಆಗಿರಬೇಕು; ಬೋಲ್ಟೆಲ್ಲ ಬಿಗಿಯಾಗವೆ. ಹಲ್ಲು ಸವೆದಿರಬೇಕು; ಚೆನ್ನಾಗವೆ. ಉಳಿದದ್ದು ಇದು."

ಅಂಗೈಯಲ್ಲಿ ಒಂದು ಸ್ಪ್ರಿಂಗು ಹಿಡಿದರು. ಗೇರು ಹಾಕಿದಾಗ ಒಳಗಿನ ಸರಳು ಜಾರದಂತೆ ಒಂದು ಗುಂಡನ್ನು ಅದರ ಕುಳಿಗೆ ಒತ್ತಿಹಿಡಿಯುವುದು ಇದೇ. ಏರು ಇಳಿಜಾರುಗಳಿಗೆ ಹಾಕುವ ಎರಡನೇ ಗೇರಿನದನ್ನು ಮಾತ್ರ ಗರಗಸದಿಂದ ಕೊಯ್ದು ಗಿಡ್ಡ ಮಾಡಲಾಗಿತ್ತು. ಏರುವಾಗ ನಿಲ್ಲುತ್ತಿದ್ದ ಗೇರು, ಇಳಿಯುವಾಗ ಬಸ್ಸಿನ ಭಾರವೇ ಎಂಜಿನ್ನನ್ನು ನೂಕಿದರೆ ಹೊರಬರುತ್ತಿತ್ತು. ಆಮೇಲೆ ಬ್ರೇಕೊಂದೇ ಸಾಲದು.

ಕೊಯ್ದವನಿಗೆ ಅದು ಗೊತ್ತಿತ್ತು ಎಂದು ಅವರು ಮುಂದುವರಿಸಿದರು. ಸೀಟಿನ ಮುಂದಿನ ಹಲಗೆಯಲ್ಲಿ ಹೊಸ ಕಚ್ಚು ಬಿದ್ದಿತ್ತು. ಅದರ ಎದುರಿಗೇ ಕಡ್ಡಿಯ ಬಣ್ಣ ಎದ್ದಿತ್ತು. ಇಳಿಜಾರಿನಲ್ಲಿ ಯಾರೋ ನಡುವೆ ಕೋಲು ಕೊಟ್ಟು ಗೇರು ತಡೆದಿದ್ದರು. ಚಿನ್ನಸ್ವಾಮಿ ಬಸ್ಸು ಓಡಿಸುವವನಲ್ಲ. ಅಂಜನಪ್ಪ ಹಾಸಿಗೆಯಲ್ಲಿದ್ದ.

"ವೆಂಕಟರಾಮಪ್ಪ, ಎಡಗೈನಾಗೆ ಈ ಕಡ್ಡಿ ಎಳೆಯಪ್ಪಾ."

ಅವನು ಕಡ್ಡಿಯ ಮೇಲೆ ಕೈಯಿಟ್ಟ. ಬೆರಳು ಮಡಚಿಕೊಳ್ಳಲಿಲ್ಲ. ನೆಲ ನೋಡುತ್ತಲೇ ಹೇಳಿದ. ಯುಗಾದಿಯ ಹೊತ್ತಿಗೆ ಕೈ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಗೇರು ಗಟ್ಟಿ; ಎಳೆಯಲಾಗದಿದ್ದರೆ ಕೆಲಸ ಹೋಗುತ್ತಿತ್ತು. ಸ್ಪ್ರಿಂಗು ಕೊಯ್ದ ಮೇಲೆ ಹಗುರಾಯಿತು. ಅಂಜನಪ್ಪ ಬಂದ ದಿನ ಹೇಳಿದರೆ ಕೈಯ ವಿಷಯವೂ ಬಯಲಾಗುತ್ತದೆಂದು ಸುಮ್ಮನಾದ. ಕೋಲು ಮನೆಗೆ ಒಯ್ದಿದ್ದ.

ಮುನಿರತ್ನಮ್ಮ ಅವನನ್ನೇ ನೋಡುತ್ತಿದ್ದಳು. "ಒಂದ್ ಮಾತು ಹೇಳಿದ್ರೆ ಸಾಕಾಗಿತ್ತಣ್ಣ," ಎಂದಳು. ದನಿ ಏರಲಿಲ್ಲ. ಆಮೇಲೆ ಮುತ್ತರಾಯಪ್ಪನವರ ಕಡೆ ತಿರುಗಿದಳು. "ಊರ್ನಾಗೂ ಬಂದು ಹೇಳ್ತೀರಾ ಸ್ವಾಮಿ?"

ವೆಂಕಟರಾಮಪ್ಪನನ್ನು ಕೆಲಮಂಗಲದ ಪೊಲೀಸರಿಗೆ ಒಪ್ಪಿಸಿ, ಸಂಜೆಯೊಳಗೆ ಗುಮ್ಮಳಾಪುರ ಸೇರಿದೆವು. ಅರಳಿಕಟ್ಟೆಯ ಬಳಿ ಮುತ್ತರಾಯಪ್ಪನವರು ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ಆ ಬಸ್ಸಿನಲ್ಲಿ ಮಗನನ್ನು ಕಳೆದುಕೊಂಡಿದ್ದ ಅಶ್ವತ್ಥಮ್ಮ ಎದ್ದು, ಮುನಿರತ್ನಮ್ಮ ಕೂತಿದ್ದ ಅವಳ ಮನೆಯ ಜಗಲಿಯವರೆಗೆ ನಡೆದು ನಿಂತಳು.

ಮುನಿರತ್ನಮ್ಮ ತಲೆ ಎತ್ತಲಿಲ್ಲ. ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಬಿಟ್ಟಳು.