ತಂಪವ್ವನ ಸರೋವರದ ಬಾತುಗಳು

ಬಹಳ ಹಿಂದೆ, ಬಯಲುನಾಡು ಎಂಬ ರಾಜ್ಯದಲ್ಲಿ ಸುಗ್ಗಿ ಮುಗಿದೊಡನೆ ಡಂಗುರ ಮೊಳಗುತ್ತಿತ್ತು: "ದುಡಿದದ್ದು ಸಾಕು! ಬೆಟ್ಟ ನೋಡಿ, ನೀರು ನೋಡಿ, ಸುತ್ತಾಡಿ ಬನ್ನಿ!" ಆ ವರ್ಷ ನಿಂಬೆವ್ವನೂ ಗಂಡ ಬಾಳಪ್ಪನೂ ಹಾಲುಗೂಸು ಮಗಳನ್ನು ಎತ್ತಿಕೊಂಡು, ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊರಟರು.

ಮೊದಲು ಬೆಟ್ಟದ ನೆತ್ತಿಯ ಊರು ಸಿಕ್ಕಿತು. ಅಲ್ಲಿ ಮೋಡಗಳು ಕರುಗಳಂತೆ ಓಣಿಯಲ್ಲಿ ಅಡ್ಡಾಡುತ್ತಿದ್ದವು. ಆಮೇಲೆ ಕಣಿವೆಯ ಊರು. ಅಲ್ಲಿನ ಹಂಚುಗಳು ಸಂಜೆಗೊಂದು ಬಣ್ಣ ತಾಳುತ್ತಿದ್ದವು. ಕೊನೆಗೆ ಸರೋವರದ ಊರು. ನೀಲಿ ನೀರು, ಮನೆಗೊಂದು ಹೂಬಳ್ಳಿ, ದಂಡೆಯ ತುಂಬ ಬಿಳಿ ಬಾತುಗಳು. ಊರೊಡತಿ ತಂಪವ್ವ ಬಿಸಿ ಹಾಲು ಹಿಡಿದು ಎದುರುಗೊಂಡಳು.

ಬಾಳಪ್ಪ ನೀರು ನೋಡುತ್ತ ಬಾಯಿಬಿಟ್ಟ. "ಆಹಾ, ಇಲ್ಲೇ ಇದ್ದುಬಿಟ್ರ ಎಷ್ಟು ಚಂದ!"

ಊರು ಸುತ್ತಲು ಬಂದವರೆಲ್ಲ ಆಡುವ ಮಾತೇ ಅದು. ಆಡಿ ಮುಗಿಸುವುದರೊಳಗೆ ಬಾಳಪ್ಪ ಬಾತಾಗಿ ನೀರಿಗಿಳಿದ.

ತಂಪವ್ವ ನಕ್ಕಳು. ಅವಳು ಮಾಟಗಾತಿ. "ಕೇಳಿದ್ದು ಕೊಟ್ಟೆ ತಂಗಿ. ಈ ಬಾತೆಲ್ಲಾ ಹಂಗ ಕೇಳಿದವರೇ. ನೀನೂ ಅಂದುಬಿಡು."

"ಹಂಗ ಅನ್ನಾಕ ನನಗ ಪುರುಸೊತ್ತಿಲ್ಲ. ಕೂಸಿಗೆ ನಿದ್ದಿ ಬಂದೈತಿ. ನನ್ನ ಗಂಡನ್ನ ಕೊಡು."

"ಮೂರು ಪರೀಕ್ಷೆ ಗೆದ್ದರ ಒಯ್ಯಿ. ಹೊತ್ತು ಮುಳುಗಿದರ ಆತ ಕಡೀತನಕ ಬಾತು. ನೀನೂ ಬಾತು."

ಮೊದಲನೆಯದು: ಬಾತುಗಳಲ್ಲಿ ಗಂಡನನ್ನು ಗುರುತಿಸಬೇಕು. ಎಲ್ಲವೂ ಒಂದೇ ಅಚ್ಚು. ನಿಂಬೆವ್ವ ಸೊಂಟದ ಮೇಲೆ ಕೈಯಿಟ್ಟು ಕೂಗಿದಳು: "ಏನ್ರೀ! ಕೂಸಿನ ತಲಿಗೆ ಹಾಕೋ ಕುಲಾಯಿ ಎಲ್ಲಿ ಮರೆತು ಬಂದ್ರಿ?" ಒಂದು ಬಾತು ಮೆಲ್ಲಗೆ ರೆಕ್ಕೆಯೊಳಗೆ ತಲೆ ಮರೆಸಿಕೊಂಡಿತು. "ಅದ ನಮ್ಮದು," ಅಂದಳು.

ಎರಡನೆಯದು: ಕಣಿವೆಯ ಬಾಯಿಯಲ್ಲಿ ಕೂತ ಮಂಜಿನ ಹುಲಿಯ ಮೀಸೆ ತರಬೇಕು. ನಿಂಬೆವ್ವ ಹತ್ತಿರ ಹೋದೊಡನೆ ಹುಲಿ ಗರ್ಜಿಸಿತು. ಕೂಸು ಬೆಚ್ಚಿ ಅತ್ತಿತು.

"ಈಗ ಮಲಗಿಸಿದ್ದೆ!" ನಿಂಬೆವ್ವ ಸಿಡಿದಳು. "ಎಬ್ಬಿಸಿದವರೇ ಸಮಾಧಾನ ಮಾಡಬೇಕು. ಹಿಡಿ ಕೂಸನ್ನ!"

ಹುಲಿಯನ್ನು ಅಲ್ಲಿಯವರೆಗೆ ಯಾರೂ ಬೈದಿರಲಿಲ್ಲ. ಅದು ತೆಪ್ಪಗೆ ಕೂತು ಕೂಸಿನತ್ತ ಮೂತಿ ಚಾಚಿತು. ಕೂಸು ಅಳು ನಿಲ್ಲಿಸಿ, ಕೈಗೆ ಸಿಕ್ಕ ಮೀಸೆಯನ್ನು ಕಿತ್ತೇಬಿಟ್ಟಿತು.

ಮೀಸೆ ಕೈಗೆ ಬಂದಮೇಲೆ ಮೂರನೆಯದನ್ನು ತಂಪವ್ವ ಗರ್ವದಿಂದ ಹೇಳಿದಳು: "ನನ್ನ ಊರಾಗ ಏನು ಕಡಿಮಿ ಐತಿ, ತೋರಿಸು."

ನಿಂಬೆವ್ವ ಸುತ್ತ ನೋಡಿದಳು. ಹೂವಿತ್ತು, ಹಾಲಿತ್ತು, ಮೆತ್ತನೆಯ ಹಾಸಿಗೆಯಿತ್ತು. ಸೂರ್ಯ ಬೆಟ್ಟದ ಅಂಚು ಮುಟ್ಟಿದ. ಆಗ ಕೂಸು ಅವಳ ಸೆರಗು ಜಗ್ಗಿತು. ಖಾಲಿ ಸೆರಗು ನೋಡಿ ನಿಂಬೆವ್ವ ನಕ್ಕಳು.

"ಮುತ್ತೈದಿ ಬಂದರ ಉಡಿ ತುಂಬಿ ಕಳಸೋದು ನಿನಗ ಗೊತ್ತಿಲ್ಲ. ನಮ್ಮ ಕಡೆ ಗುಡಿಸಲದಾಕೀನೂ ಹಿಡಿ ಅಕ್ಕಿ ಹಾಕಿ ಕಳಸ್ತಾಳ. ನೀನು ಬಂದವರನ್ನೆಲ್ಲ ಕೂಡಿ ಹಾಕಿದಿ, ಒಬ್ಬರನ್ನೂ ಕಳಿಸಿ ಕೊಟ್ಟಿಲ್ಲ. ಭಾರಿ ಉಪಚಾರ ನಿಂದು!"

ತಂಪವ್ವನ ಮೂಗು ಕೆಂಪಾಯಿತು. "ನನಗ ಉಡಿ ತುಂಬಾಕ ಬರಾಂಗಿಲ್ಲ ಅಂದ್ಯಾ?" ದಡದಡ ಒಳಗೆ ಹೋದಳು. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಖಣ ತಂದಳು. ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿದಳು.

ನಿಂಬೆವ್ವ ಸೆರಗು ಬಿಗಿದು ಕಟ್ಟಿದಳು. "ಉಡಿ ತುಂಬಿದಿ, ನಾ ಈ ಮನಿ ಮಗಳಾದೆ. ಅವ್ವಾ, ಮಗಳನ್ನ ಒಂಟಿಯಾಗಿ ಕಳಸ್ತೀಯೇನು? ಅಳಿಯನ್ನ ಕರಿ. ಅಗಸಿ ಬಾಗಿಲತನಕ ಕಳಸಾಕ ಈ ಬಾತಾದ ಮಂದೀನೂ ಬೇಕು. ಅವರನ್ನೂ ಕರಿ."

ತಂಪವ್ವನನ್ನು ಅಲ್ಲಿಯವರೆಗೆ ಯಾರೂ ಮಗಳಾಗಿ ಅವ್ವಾ ಅಂದಿರಲಿಲ್ಲ. ಮಾಟಕ್ಕಿಂತ ಉಡಿಯಕ್ಕಿ ಗಟ್ಟಿ. ಮಗಳನ್ನು ಕಳಿಸುವ ತಾಯಿಯಂತೆ ಅವಳ ಕಣ್ಣಿಂದ ಒಂದು ಹನಿ ಉದುರಿ ಸರೋವರಕ್ಕೆ ಬಿತ್ತು. ಬಾತುಗಳೆಲ್ಲ ಮನುಷ್ಯರಾಗಿ, ಒದ್ದೆ ಬಟ್ಟೆ ಹಿಂಡಿಕೊಳ್ಳುತ್ತ ದಂಡೆ ಹತ್ತಿದರು. ಮಾಟ ಅಲ್ಲಿಗೇ ಕರಗಿತು. ಊರ ಅಗಸಿಯವರೆಗೂ ಬಂದು ನಿಂಬೆವ್ವನನ್ನು ಬೀಳ್ಕೊಟ್ಟು, ಎಲ್ಲರೂ ತಂತಮ್ಮ ಮನೆಯ ದಾರಿ ಹಿಡಿದರು.

ಮುಂದಿನ ಸುಗ್ಗಿಗೂ ನಿಂಬೆವ್ವ ಅಲ್ಲಿಗೇ ಹೋದಳು. ಈಗ ಅದು ತವರು. ತಂಪವ್ವ ಅಗಸಿಯಲ್ಲೇ ಕಾಯುತ್ತಿದ್ದಳು. ಬಾಳಪ್ಪ ನೀರು ನೋಡಿ ಬಾಯಿಬಿಟ್ಟ. "ಆಹಾ, ಇಲ್ಲೇ..."

ನಿಂಬೆವ್ವ ತಿರುಗಿ ನೋಡಿದಳು.

"...ನಾಕು ದಿನ ಇದ್ದು, ಮನಿಗೆ ಹೋಗೂಣು," ಅಂದ ಬಾಳಪ್ಪ. ಹಾಗೆಯೇ ಇದ್ದು, ಉಂಡು, ಉಡಿ ತುಂಬಿಸಿಕೊಂಡು, ಸುಖವಾಗಿ ಮನೆ ಸೇರಿದರು.