ಒಂದೇ ಗಾಲಿಗೆ ಒಂದೇ ನಿಂಬೆಹಣ್ಣು

"ಇದು ನಿಮಗಲ್ರಿ," ಎಂದ ಆ ಹುಡುಗ.

ಮಹೇಶ್ವರಿಯ ಕಿವಿ ಬಿಸಿಯಾದವು. ರವಿವಾರದ ರಜೆ ಬಿಟ್ಟು ಇಳಕಲ್ಲಿನಿಂದ ಬಾಗಲಕೋಟೆಯ ವಿದ್ಯಾಗಿರಿಯವರೆಗೆ ಬಂದದ್ದು ಈ ಮಾತು ಕೇಳಲಿಕ್ಕಲ್ಲ. ಎಲೆಕ್ಟ್ರಿಕ್ ಬೈಕ್ ರಿಪೇರಿ ಅಂಗಡಿಯ ನೆಲದ ಮೇಲೆ, ಅವಳು ಫೋನಿನಲ್ಲಿ ನೋಡಿ ಮರುಳಾಗಿದ್ದ ಗಾಡಿ ನಿಂತಿತ್ತು. ಒಂದೇ ಒಂದು ದಪ್ಪ ಗಾಲಿ, ಎರಡೂ ಬದಿಗೆ ಕಾಲಿಡಲು ಮಡಚುವ ಪೆಡಲು. ಹ್ಯಾಂಡಲ್ ಇಲ್ಲ, ಸೀಟಿಲ್ಲ. ಮುಂದಕ್ಕೆ ಬಾಗಿದರೆ ಓಡುತ್ತದೆ, ಹಿಂದಕ್ಕೆ ಬಾಗಿದರೆ ನಿಲ್ಲುತ್ತದೆ.

"ಯಾಕ್ರಿ? ಹೆಣ್ಮಕ್ಕಳಿಗೆ ಮಾರಂಗಿಲ್ಲೇನು?"

"ಹಂಗಲ್ರಿ..."

"ಮತ್ತ ಹೆಂಗ್ರಿ?"

ಅವನು ಪ್ರಭುಲಿಂಗ, ಕಮತಗಿಯವ. ಅಂಗಡಿ ಅವನದೇ. ಗಾಡಿಯ ನೆತ್ತಿಯ ಮೇಲೆ ಎತ್ತಲೆಂದು ಇದ್ದ ಹಿಡಿಕೆ ತೋರಿಸಿ, "ಎತ್ರಿ ನೋಡೋಣ," ಎಂದ.

ಮಹೇಶ್ವರಿ ಎರಡೂ ಕೈ ಹಾಕಿದಳು. ಗಾಡಿ ನೆಲ ಬಿಡಲಿಲ್ಲ. ಅವಳ ಮುಖ ಕೆಂಪಾದದ್ದನ್ನು ಕಂಡೂ ಕಾಣದವನಂತೆ ಅವನು ಮೇಜಿನ ಮೇಲೆ ಏನನ್ನೋ ಹುಡುಕತೊಡಗಿದ. ಆ ಸೌಜನ್ಯಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಮೂವತ್ತೈದು ಕಿಲೋ ಐತ್ರಿ. ಮೊದಲನೇ ಗಾಡಿ ಅಂದ್ರ ಬೀಳೂ ಗಾಡಿ. ಬೀಳಾಕ ತಕ್ಕದ್ದು ತಗೋಬೇಕು."

ಮೂಲೆಯಿಂದ ಗೀರು ಬಿದ್ದ ಸಣ್ಣದೊಂದನ್ನು ತಂದ. ಹದಿನಾರು ಇಂಚಿನ ಗಾಲಿ, ತೂಕ ಅರ್ಧಕ್ಕಿಂತ ಕಡಿಮೆ. "ಇದಕ್ಕಿಂತ ಸಣ್ಣದಿದ್ರ ತಗ್ಗಿನ್ಯಾಗ ಸಿಗಬೀಳ್ತೈತಿ. ದೊಡ್ಡದಿದ್ರ ಹೊಸಬರಿಗೆ ತಿರುಗಸಾಕ ಬರಂಗಿಲ್ಲ. ಸಸ್ಪೆನ್ಶನ್ ಈಗ ಬ್ಯಾಡ. ಬ್ಯಾಟರಿ ನಾನ ಬಿಚ್ಚಿ ನೋಡೇನಿ, ಚಲೋ ಐತಿ. ಎಲ್ಲಿ ಓಡಸ್ತೀರಿ?"

"ಗ್ರಾನೈಟ್ ಯಾರ್ಡಿನ್ಯಾಗ. ಕಲ್ಲಿನ ಹಲಗಿ ಚೆಕ್ ಮಾಡೂದು ನನ್ನ ಕೆಲಸ. ಈ ತುದಿಯಿಂದ ಆ ತುದಿಗೆ ನಡದು ನಡದು ಮೊಣಕಾಲು ಹೋಗ್ಯಾವ."

"ಹಂಗಾರ ಚಲೋ. ರೋಡಿಗೆ ಮಾತ್ರ ತರಬ್ಯಾಡ್ರಿ, ಪರವಾನಗಿ ಇಲ್ಲ. ಸೈಕಲ್ ಬರ್ತೈತಲ್ಲ?"

ಮಹೇಶ್ವರಿ ಬಾಗಿಲ ಕಡೆ ನೋಡಿದಳು. "ಇಲ್ಲ."

"ಸ್ಕೂಟಿ?"

"ಅಂಜಿಕಿ."

ಅವನು ನಗುತ್ತಾನೆಂದು ಕಾದಳು. ನಗಲಿಲ್ಲ. "ಅಂಜೋರು ಚಲೋ ಕಲೀತಾರ್ರಿ," ಎಂದು ಎಡಗೈಯ ಅಂಗಿತೋಳು ಕೆಳಗೆಳೆದುಕೊಂಡ. ಮಣಿಕಟ್ಟಿನ ಮೇಲೆ ಹೊಲಿಗೆಯ ಗುರುತೊಂದು ಕಂಡು ಮರೆಯಾಯಿತು.

ಸಣ್ಣ ಗಾಡಿ ಇಳಕಲ್ಲಿಗೆ ಬಂತು. ರವಿವಾರಕ್ಕೊಮ್ಮೆ ಬಂದು ಕಲಿಸಲು ಪ್ರಭುಲಿಂಗ ಒಪ್ಪಿದ್ದ.

ಅವಳ ಅಪ್ಪ ಬಸಯ್ಯ ಜಂಗಮರು. ಯಾರ್ಡಿನ ಪೂಜೆಗಳನ್ನೆಲ್ಲ ಮಾಡಿಸುವ ಅಯ್ಯಾರು. ಗಾಲಿಯನ್ನು ಸುತ್ತಲೂ ನೋಡಿ, ದನಿ ಏರಿಸದೆ ಹೇಳಿದರು: "ನಿನ್ನ ದುಡಿಮಿ, ನಿನ್ನ ಗಾಡಿ. ಆ ಕುರುಬರ ಹುಡುಗ ಕಲಿಸಾಕ ಬರಲಿ. ಆದ್ರ ಮಂದಿ ಮುಂದ ಅವನ ಕೈ ಹಿಡದು ಅಡ್ಡಾಡಬ್ಯಾಡ. ಕಂಡೆ ಅಂದ್ರ ಅವತ್ತಿಗೆ ಗಾಲಿನೂ ಬಂದ್, ಅವನ ಬರೂದೂ ಬಂದ್."

ಅಪ್ಪ ಬೈದಿದ್ದರೆ ಅವಳು ಅಷ್ಟು ಅಂಜುತ್ತಿರಲಿಲ್ಲ.

ಅಪ್ಪನ ಷರತ್ತು ಕೇಳಿದ ಪ್ರಭುಲಿಂಗ ಮುಂದಿನ ರವಿವಾರ ಯಾರ್ಡಿಗೆ ಕೋಲೊಂದನ್ನು ತಂದ. ಅವನ ಅಪ್ಪ ಅಮಸಿದ್ದಪ್ಪ ಕುರಿ ಕಾಯುವಾಗ ಹಿಡಿಯುವ ಕೋಲು. ಹಿಡಿದು ಹಿಡಿದು ನುಣುಪಾದದ್ದು. ಒಂದು ತುದಿ ಅವಳ ಕೈಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದ.

ಫೋರ್ಕ್‌ಲಿಫ್ಟ್ ಓಡಿಸುವ ದಸ್ತಗೀರಸಾಬ ದೂರದಿಂದಲೇ ಕೂಗಿದ. "ಏನಲೇ, ಕುರಿ ಕಾಯಾಕ ಬಂದಿಯೋ, ಮೇಡಮ್ಮೋರನ್ನ ಕಾಯಾಕ ಬಂದಿಯೋ?"

"ಕುರಿ ಇಷ್ಟು ಅಂಜಂಗಿಲ್ಲ, ಚಾಚಾ!"

ಮಹೇಶ್ವರಿ ಕೋಲಿನಿಂದ ಅವನನ್ನು ತಿವಿದಳು. ಆದರೆ ಅದು ಖರೆ. ಹೆಲ್ಮೆಟ್, ಮಣಿಕಟ್ಟಿಗೆ ಗಾರ್ಡ್, ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡರೂ ಎದೆ ಹೊಡೆದುಕೊಳ್ಳುತ್ತಿತ್ತು. ಎರಡೂ ಕಡೆ ಸಾಲಾಗಿ ನಿಂತ ಕೆಂಪು ಕಲ್ಲಿನ ಹಲಗೆಗಳು. ಅವುಗಳ ಅಂಚು ಎಷ್ಟು ಹರಿತವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಹಿಂದ ಮುಂದ ಗಾಡಿ ಸಂಭಾಳಸ್ತೈತಿ. ಆಕಡಿ ಈಕಡಿ ನೀವ ಸಂಭಾಳಸಬೇಕು. ಭಾಳ ನಿಧಾನ ಹೋದ್ರ ಬೀಳ್ತೀರಿ. ಗಾಲಿ ನೋಡಬ್ಯಾಡ್ರಿ, ಹೋಗೂ ಜಾಗಾ ನೋಡ್ರಿ."

ಅವಳು ತಲೆ ಎತ್ತಿದಳು.

"ನನ್ನ ಅಲ್ರಿ. ಆ ತುದಿಯ ಕ್ರೇನ್ ನೋಡ್ರಿ."

"ಕ್ರೇನ್ ಅಷ್ಟೇನು ಚಂದ ಇಲ್ಲ," ಎಂದುಬಿಟ್ಟಳು. ಆಡಿದ ಮಾತಿಗೆ ತಾನೇ ಬೆದರಿ ಪಕ್ಕಕ್ಕೆ ವಾಲಿ ಬಿದ್ದಳು. ಅವನ ಕೈ ಧಾವಿಸಿತು, ಗೇಣು ದೂರದಲ್ಲಿ ತಡೆದು ನಿಂತಿತು. ಪ್ರತಿ ಸಲವೂ ಹಾಗೇ. ಬೀಳುವ ನೋವಿಗಿಂತ ಆ ಗೇಣು ದೂರವೇ ಅವಳಿಗೆ ಹೆಚ್ಚು ಉರಿಯತೊಡಗಿತ್ತು.

ಒಂದು ಸಂಜೆ ಚಹಾ ಕುಡಿಯುತ್ತ ಅವನೇ ಮಾತೆತ್ತಿದ. "ಆ ದೊಡ್ಡ ಗಾಡಿ ಯಾಕ ಕೊಡಲಿಲ್ಲ ಗೊತ್ತೇನ್ರಿ? ಅದರ ಮ್ಯಾಲಿಂದ ನಾ ಬಿದ್ದೇನಿ. ಕುಳಗೇರಿ ಕ್ರಾಸ್ ಹತ್ರ, ಖಾಲಿ ಲೇಔಟಿನ್ಯಾಗ. ಜೋರು ಓಡಸಾಕತ್ತಿದ್ದೆ. ಇಷ್ಟು ಜೋರು ಬ್ಯಾಡ ಅಂತ ಅದು ಬೀಪ್ ಬೀಪ್ ಹೊಡೀತು, ನಾ ಕೇಳಲಿಲ್ಲ. ಮೋಟಾರ್ ನಿಂತಬಿಡ್ತು. ಮಣಿಕಟ್ಟು ಮುರದು ಬಿದ್ದಾಗ ಹತ್ರ ಯಾರೂ ಇದ್ದಿಲ್ಲ. ಅವತ್ತಿನಿಂದ ಬ್ಯಾರೆಯವರು ಬೀಳೂದು ನೆನೆಸಿದ್ರ ಅಂಜಿಕಿ ಆಗ್ತೈತಿ. ನೀವು ಬೀಳೂದು ನೆನೆಸಿದ್ರ ಭಾಳ ಆಗ್ತೈತಿ."

"ಯಾಕ?"

"ಗೊತ್ತಿಲ್ಲೇನು?"

ಅವಳು ಲೋಟ ಕೆಳಗಿಟ್ಟು ಕೋಲಿನ ತುದಿ ಎತ್ತಿಕೊಂಡಳು. "ಗೊತ್ತೈತಿ. ಹೇಳಬ್ಯಾಡ್ರಿ. ಹೇಳಿದ್ರ ನಂಗ ಈ ಕೋಲು ಹಿಡಿಯಾಕ ಆಗಂಗಿಲ್ಲ."

ಅವನು ಎದ್ದು ಕೋಲಿನ ಇನ್ನೊಂದು ತುದಿ ಹಿಡಿದ.

ಆಯುಧಪೂಜೆ ಬಂತು. ಯಾರ್ಡಿನಲ್ಲಿ ಕ್ರೇನ್, ಲಾರಿ, ಫೋರ್ಕ್‌ಲಿಫ್ಟ್ ಸಾಲಾಗಿ ನಿಂತವು. ಕೊನೆಗೆ ಚೆಂಡುಹೂವಿನ ಮಾಲೆ ಹೊತ್ತ ಅವಳ ಪುಟ್ಟ ಗಾಡಿ. ಬಸಯ್ಯ ಒಂದೊಂದು ಗಾಲಿಯ ಕೆಳಗೂ ನಿಂಬೆಹಣ್ಣು ಇಡುತ್ತ ಬಂದರು. ಲಾರಿಗಳು ಮುಂದೆ ಸರಿದು ಹಣ್ಣು ಹಿಚುಕಿದವು. ಹಣ್ಣು ತಪ್ಪಿಸಿಕೊಂಡರೆ ಶಕುನ ಚಲೋ ಅಲ್ಲವೆಂದು ಎಲ್ಲರಿಗೂ ಗೊತ್ತು.

"ಇದಕ್ಕ ಒಂದ ಸಾಕಲ್ರಿ ಅಯ್ಯಾರ," ಎಂದ ದಸ್ತಗೀರಸಾಬ. ಮಂದಿ ನಕ್ಕರು. ಬಸಯ್ಯ ನಗಲಿಲ್ಲ. ಬಾಗಿ ನಿಂಬೆಹಣ್ಣು ಇಟ್ಟು, ಮಗಳನ್ನು ನೋಡಿ, "ನಡಿ," ಎಂದರು.

ಪ್ರಭುಲಿಂಗ ಗಾಲಿಗೆ ಸಿಗದಂತೆ ಮಾಲೆ ತೆಗೆದಿಟ್ಟು ಕೋಲು ಚಾಚಿದ. ನೇರ ದಾರಿಯಲ್ಲಿ ಓಡಿಸಲು ಮಹೇಶ್ವರಿಗೆ ಈಗ ಬರುತ್ತಿತ್ತು. ಆದರೆ ನಿಂತಲ್ಲಿಂದ ಹತ್ತಿ, ಆಗಲೇ ಹಣ್ಣಿನ ಮೇಲೆ ಹಾಯುವುದು? ವೇಗ ಬರುವ ಮೊದಲೇ ಗಾಲಿ ಕುಪ್ಪಳಿಸುತ್ತದೆ. ಇಡೀ ಯಾರ್ಡು ನೋಡುತ್ತಿತ್ತು.

ಮೊದಲ ಸಲ ಹಣ್ಣು ಪಕ್ಕಕ್ಕೆ ಚಿಮ್ಮಿತು. ಗುಜುಗುಜು ಎದ್ದಿತು. ಬಸಯ್ಯ ಅದನ್ನು ಹೆಕ್ಕಿ ತಂದು ಮತ್ತೆ ಇಟ್ಟರು.

ಎರಡನೆಯ ಸಲ ಗಾಲಿ ಹಣ್ಣನ್ನು ಏರಿತು. ಹಣ್ಣು ಪಚಕ್ಕೆಂದು ಒಡೆಯಿತು. ಬೆವೆತ ಅಂಗೈಯಿಂದ ಕೋಲು ಜಾರಿತು. ಅವಳು ವಾಲಿದ ಕಡೆ ಕಲ್ಲಿನ ಹಲಗೆಗಳ ಅಂಚು ಕಾದಿತ್ತು. ಪ್ರಭುಲಿಂಗನ ಕೈ ಚಾಚಿ ಬಂತು, ಗೇಣು ದೂರದಲ್ಲಿ ನಿಂತಿತು. ಅವನ ಮುಖ ಬಿಳಿಚಿಕೊಂಡಿತ್ತು.

ಆ ಗೇಣನ್ನು ಅವಳೇ ದಾಟಿದಳು.

ಕೈ ಸಿಕ್ಕಿತು. ಗಾಲಿ ನೆಟ್ಟಗಾಯಿತು. ಅವನು ಓಡಿದ, ಅವಳು ಅವನ ಪಕ್ಕದಲ್ಲಿ ತೇಲಿದಳು, ಕ್ರೇನಿನ ತನಕ. ಅಲ್ಲಿ ಇಳಿದು ತಿರುಗಿ ನಿಂತಾಗ ಯಾರ್ಡಿನಲ್ಲಿ ಒಂದು ಇಂಜಿನ್ನಿನ ಸದ್ದೂ ಇರಲಿಲ್ಲ. ಹಣ್ಣಿನ ಬಳಿ ಬಿದ್ದಿದ್ದ ಕೋಲನ್ನು ಎತ್ತಿಕೊಂಡು ಅಪ್ಪ ಬರುತ್ತಿದ್ದರು. ಪ್ರಭುಲಿಂಗ ಕೈ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ಅಪ್ಪಾ, ಬೇಕಾದ್ರ ಗಾಲಿ ಬಂದ್ ಮಾಡು." ಹಿಡಿದ ಕೈ ಎತ್ತಿ ತೋರಿಸಿದಳು. "ಈ ಕೈ ನಾ ಬಿಡಂಗಿಲ್ಲ."

ಬಸಯ್ಯ ತಮ್ಮ ಕೈಯಲ್ಲಿದ್ದ ಕೋಲನ್ನು ನೋಡಿದರು. ಹೆಗಲ ವಸ್ತ್ರದಿಂದ ನಿಂಬೆರಸ ಒರೆಸಿದರು. ಒರೆಸುತ್ತಲೇ ಇದ್ದರು.

"ಯಾರ ಕೋಲಿದು?"

"ನಮ್ಮಪ್ಪಂದ್ರಿ, ಅಯ್ಯಾರ."

"ಆಕಿ ಬೀಳೂ ಹೊತ್ತಿನ್ಯಾಗೂ ನಿನ್ನ ಕೈ ತಡದು ನಿಂತಿತ್ತು. ನೋಡಿದೆ." ಕಲ್ಲಿನ ಹಲಗೆಗಳ ಕಡೆ ನೋಡಿ ಹೇಳಿದರು, "ನನ್ನ ಮಾತಿಗೆ ನನ್ನ ಮಗಳು ಕಲ್ಲಿಗೆ ಬಡೀತಿದ್ಲು. ಅದನ್ನೂ ನೋಡಿದೆ. ನಾಳೆ ದಸರಾ. ಬನ್ನಿ ಕೊಡಾಕ ಮನಿಗೆ ಬಾ. ಕೋಲು ನನ್ನ ಕಡೆ ಇರಲಿ. ನಿಮ್ಮಪ್ಪನ್ನ ಕರಕೊಂಡು ಬಾ, ಕುಂತು ಮಾತಾಡೂಣು, ಇದನ್ನ ಅವನ ಕೈಯಾಗ ಕೊಡ್ತೇನಿ."

ಅಷ್ಟು ಹೇಳಿ ತಿರುಗಿ ನಡೆದರು.

ಪ್ರಭುಲಿಂಗ ಅವಳ ಕಡೆ ತಿರುಗಿದ. "ಮಹೇಶ್ವರಿ," ಎಂದ. ಮೊದಲ ಬಾರಿಗೆ ಅವನು ಹೆಸರು ಹಿಡಿದು ಕರೆದಿದ್ದ, ಗೌರವದ 'ರಿ' ಸೇರಿಸದೆ. "ನಂಗ ಭಾಳ ಅಂಜಿಕಿ ಆಗಾಕತ್ತೈತಿ."

ಅವಳು ಹಿಡಿದ ಕೈಯನ್ನು ಇನ್ನಷ್ಟು ಬಿಗಿ ಮಾಡಿದಳು.

"ಗಾಲಿ ನೋಡಬ್ಯಾಡ," ಎಂದಳು. "ಹೋಗೂ ಜಾಗಾ ನೋಡು."

ಇಬ್ಬರೂ ನೋಡಿದರು. ಅಮಸಿದ್ದಪ್ಪನ ಕೋಲನ್ನು ಹೆಗಲ ಮೇಲಿಟ್ಟುಕೊಂಡು ಬಸಯ್ಯ ಮಂದಿಯ ನಡುವೆ ಹಾದುಹೋಗುತ್ತಿದ್ದರು, ಯಾರ ಮುಖವನ್ನೂ ನೋಡದೆ.