ಹತ್ತು ಮೀಟರಿನೊಳಗಿನ ಸಹಿ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಕಣ್ಣಿನ ಡಾಕ್ಟರು ಖುದ್ದಾಗಿ ಠಾಣೆಗೆ ಬಂದು ದೂರು ಕೊಟ್ಟರು. ದೃಷ್ಟಿ ಸಾಲದೆಂದು ಅವರೇ ಫೇಲು ಮಾಡಿದ್ದ ಬಸ್ ಡ್ರೈವರು, ‘ದೃಷ್ಟಿ ಸರಿಯಿದೆ’ ಎಂಬ ಅವರದೇ ಸಹಿಯ ಸರ್ಟಿಫಿಕೇಟು ಡಿಪೋಗೆ ಕೊಟ್ಟು ಐದು ದಿನದಿಂದ ಬಸ್ಸು ಓಡಿಸುತ್ತಿದ್ದ. ಇನ್ಸ್‌ಪೆಕ್ಟರು ಮೊದಲು ಡಿಪೋಗೆ ಫೋನು ಮಾಡಿ ಅವನನ್ನು ಬಸ್ಸಿನಿಂದ ಇಳಿಸಿದರು; ಎಫ್‌ಐಆರ್ ಬರೆಸಿದ್ದು ಆಮೇಲೆ.

“ಸಹಿ ನಿಮ್ಮದೇನಾ?”

“ನನ್ನದೇ.”

“ಮತ್ತೆ ಫೋರ್ಜರಿ ಹೇಗಾಗುತ್ತೆ?”

ಡಾಕ್ಟರು ತಲೆ ತಗ್ಗಿಸಿದರು. ರೋಗಿಗಳ ಸಾಲು ಬೇಗ ಕರಗಲೆಂದು ದಿನಾ ಬೆಳಿಗ್ಗೆ ಇಪ್ಪತ್ತು ಖಾಲಿ ಲೆಟರ್‌ಹೆಡ್ಡಿಗೆ ಸಹಿ ಹಾಕಿ ಪ್ರಿಂಟರಿನ ಟ್ರೇಯಲ್ಲಿ ಇಡುವುದು ಅವರ ರೂಢಿ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು ಎಂದುಕೊಂಡರು ಇನ್ಸ್‌ಪೆಕ್ಟರು.

ಡ್ರೈವರು ಒಂದೇ ಮಾತಿನಲ್ಲಿ ಹೇಳಿಕೆ ಮುಗಿಸಿದ: “ಕಾಂಪೌಂಡರೇ ಕೈಗೆ ಕೊಟ್ಟ.”

11.45ಕ್ಕೆ ಕ್ಲಿನಿಕ್ಕಿನಲ್ಲಿ ಪಂಚನಾಮೆ. ಹಳೇ ಕಂಪ್ಯೂಟರಿಗೆ ಪ್ರಿಂಟರು ಜೋಡಿಸಿ, ಬ್ಲೂಟೂತ್ ಹಾಕಿದ್ದವನು ಕಾಂಪೌಂಡರೇ. ಫೋನಿನಿಂದ ಕಳಿಸಿದ್ದನ್ನು ಕಂಪ್ಯೂಟರು ಹಿಡಿದು ಪ್ರಿಂಟರಿಗೆ ದಾಟಿಸುತ್ತಿತ್ತು. ಅಚ್ಚಾದ ಹಾಳೆಯನ್ನು ರೋಗಿಗಳೇ ಎತ್ತಿಕೊಂಡು ಹೋಗುತ್ತಿದ್ದರು.

“ಪಾಸ್‌ವರ್ಡು?”

ಅವನು ಮಾನಿಟರಿನ ಮೂಲೆಗೆ ಅಂಟಿಸಿದ್ದ ಚೀಟಿ ತೋರಿಸಿದ. “ಎಲ್ರೂ ಕೇಳ್ತಾನೇ ಇದ್ರು ಸಾರ್.”

“ಚೆನ್ನಾಗಿದೆಯಪ್ಪಾ ನಿಮ್ಮ ಸಂಸಾರ. ಒಬ್ರು ಸಹಿ ಹಂಚ್ತಾರೆ, ಇನ್ನೊಬ್ರು ಪಾಸ್‌ವರ್ಡ್ ಹಂಚ್ತಾರೆ!”

ಆದರೆ ಅವನನ್ನು ಉಳಿಸಿದ್ದೂ ಅದೇ ಕಂಪ್ಯೂಟರು. ಯಾವ ಫೋನಿನಿಂದ, ಎಷ್ಟು ಹೊತ್ತಿಗೆ ಬಂತೆಂದು ಅದರಲ್ಲಿ ದಾಖಲಾಗಿತ್ತು: ಹೋದ ಬುಧವಾರ ಮಧ್ಯಾಹ್ನ 1.42, ಒಂದು ಪುಟ. ಆ ಫೋನಿನ ಬ್ಲೂಟೂತ್ ನಂಬರು ಕಾಂಪೌಂಡರದ್ದಲ್ಲ, ನರ್ಸಿನದಲ್ಲ, ಡಾಕ್ಟರದ್ದೂ ಅಲ್ಲ. ಆ ಹೊತ್ತಿಗೆ ಎಲ್ಲರೂ ಊಟಕ್ಕೆ ಹೋಗಿ ಕ್ಲಿನಿಕ್ಕಿಗೆ ಬೀಗ ಬಿದ್ದಿತ್ತು. ಕಂಪ್ಯೂಟರು ಮಾತ್ರ ಎಚ್ಚರವಾಗಿತ್ತು.

“ಇದು ಎಷ್ಟು ದೂರ ಹಿಡಿಯುತ್ತೆ?”

“ಹತ್ತು ಮೀಟರ್ ಸಾರ್. ಗೋಡೆ ಅಡ್ಡ ಬಂದ್ರೆ ಅಷ್ಟೂ ಇಲ್ಲ.”

ಕಾನ್‌ಸ್ಟೆಬಲ್ಲು ತನ್ನ ಫೋನು, ಒಂದು ಸೀಮೆಸುಣ್ಣ ಹಿಡಿದು ಹೊರಟ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಒಂದು ಪುಟ ಕಳಿಸುವುದು, ಒಳಗಿನಿಂದ “ಬಂತು” ಎಂದರೆ ನೆಲಕ್ಕೆ ಗೆರೆ ಎಳೆಯುವುದು. ಬೀದಿಯಿಂದ ಬರಲಿಲ್ಲ. ಹಿಂದಿನ ಓಣಿಯಿಂದಲೂ ಬರಲಿಲ್ಲ. ಹಲಗೆಯ ಗೋಡೆಯಾಚೆ ಪಕ್ಕದ ಟೈಲರಮ್ಮನ ಅಂಗಡಿಯಿಂದ ಸಲೀಸಾಗಿ ಬಂತು.

“ಆಕೆ ಯಾರು?”

ಕಾಂಪೌಂಡರು ತೊದಲಿದ. “ಆ ಡ್ರೈವರ್ ಹೆಂಡ್ತಿ ಸಾರ್.”

ಫೋನು ಕೇಳಿದಾಗ ಆಕೆ ಹೊಲಿಯುತ್ತಿದ್ದ ಮಗಳ ಸ್ಕೂಲ್ ಯೂನಿಫಾರಂ ಪಕ್ಕಕ್ಕಿಟ್ಟು ಕೊಟ್ಟಳು. ನಂಬರು ತಾಳೆಯಾಯಿತು. ಹೋದ ವರ್ಷದ ಸರ್ಟಿಫಿಕೇಟು ನೋಡಿಕೊಂಡು, ತಾರೀಖು ಬದಲಿಸಿ ಟೈಪು ಮಾಡಿದ್ದಳು. ಕ್ಲಿನಿಕ್ಕು ತೆರೆದ ಮೇಲೆ ರೋಗಿಗಳ ನಡುವೆ ಹೋಗಿ ಹಾಳೆ ಎತ್ತಿಕೊಂಡು ಬಂದಿದ್ದಳು. ಸಂಜೆ 4.10ಕ್ಕೆ ಮಹಿಳಾ ಕಾನ್‌ಸ್ಟೆಬಲ್ಲಿನ ಸಮಕ್ಷಮ ದಸ್ತಗಿರಿ. ಸುಳ್ಳು ಹೇಳಿಕೆಗೆ ಗಂಡನ ಮೇಲೂ ಕೇಸಾಯಿತು. ಕಾಂಪೌಂಡರನ್ನು ಬಿಟ್ಟರು.

“ಯಾಕಮ್ಮಾ ಹೀಗೆ ಮಾಡಿದ್ರಿ?”

“ಮೂವತ್ತೊಂದು ವರ್ಷ ಒಂದು ಗೀರು ಬೀಳಿಸದೆ ಓಡಿಸಿದ್ರು ಸಾರ್. ಫೇಲಾದ ದಿನದಿಂದ ನಮ್ಮ ಹತ್ರ ಮಾತೇ ಇಲ್ಲ. ಊಟಕ್ಕೆ ಕೂತವರು ಹಾಗೇ ಎದ್ದು ಹೋಗೋರು. ಈ ಕಾಗದ ಕೈಗಿಟ್ಟ ಮೇಲೆ ‘ಒಂಚೂರು ಚಹಾ ಮಾಡೇ’ ಅಂದ್ರು.” ಆಕೆಯ ಕಣ್ಣು ತುಂಬಿತು.

ಇನ್ಸ್‌ಪೆಕ್ಟರಿಗೆ ಪಾಪ ಅನಿಸಿತು. ಆದರೂ ಕೇಳಬೇಕಾದ್ದು ಒಂದು ಉಳಿದಿತ್ತು.

“ನಿಮ್ಮ ಮಗಳು ಸ್ಕೂಲಿಗೆ ಯಾವ ಬಸ್ಸಲ್ಲಿ ಹೋಗ್ತಾಳೆ?”

“ಅವರಪ್ಪನ ಬಸ್ಸಲ್ಲೇ.”

“ಈ ಐದು ದಿನದಲ್ಲೂ?”

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇಲ್ಲ ಸಾರ್. ನಡ್ಕೊಂಡು ಹೋಗು ಅಂದೆ.”